ಸ್ವಾಮ್ಯವೂ ಅಧಿಕಾರವೂ

ಒಂದು ವಸ್ತುವಿನ ಒಡೆತನವು ಬೇರೆ, ಅದನ್ನು ಮನಬಂದಂತೆ ವಿನಿಯೋಗಿಸುವ ಅಧಿಕಾರವು ಬೇರೆ ಎಂಬ ವಿವೇಚನೆಯು ಧರ್ಮಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ ಲೋಕವ್ಯವಹಾರದಿಂದ ತಿಳಿಯತಕ್ಕದ್ದೋ ಎಂದು ವಿಚಾರಮಾಡಿ, ಅದು ಲೌಕಿಕವೇ ಎಂದು ನಿರ್ಣಯಿಸಿದನು. ಪಿತ್ರಾರ್ಜಿತವಾದ ಸ್ಥಿರಾಸ್ತಿಯಲ್ಲಿ ತಂದೆಗೆ ಸ್ವತ್ವವಿದ್ದರೂ, ಮಕ್ಕಳಿಗೂ ಹುಟ್ಟಿನಿಂದಲೇ ಸ್ವತ್ವವಿರುವುದರಿಂದ, ಅವನು ಅದನ್ನು ಸ್ವೇಚ್ಛೆಯಿಂದ ಪರಾಧೀನ ಮಾಡಕೂಡದೆಂಬುದೂ ಆ ಗ್ರಂಥದ ಮತವೇ. ಒಂಬೈನೂರು ವರ್ಷಗಳಷ್ಟು ಹಳೆಯದಾದ ಈ ವಿಚಾರವು ಇಂದು ಗೃಹಸ್ಥನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ತಲೆಯೆತ್ತಿರುವುದು ವಿಚಿತ್ರವಾದರೂ ನಿಜವಾದ ಸಂಗತಿ.

ನಿದರ್ಶನಕ್ಕೆ, ಕಛೇರಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕಪತ್ರಗಳನ್ನು ನೋಡಿ ನಿವೃತ್ತರಾದ ಗೃಹಸ್ಥರೊಬ್ಬರನ್ನು ತೆಗೆದುಕೊಳ್ಳಬಹುದು. ಅವರು ತಮ್ಮ ಪಿಂಚಣಿಯ ಹಣದಿಂದ ಒಂದು ಕಂಪ್ಯೂಟರನ್ನು ಕೊಂಡರು. ಪರದೇಶದಲ್ಲಿ ಉದ್ಯೋಗದಲ್ಲಿರುವ ಮಗನು ರಜೆಯಲ್ಲಿ ಬಂದು ಅದನ್ನು ಸಜ್ಜುಗೊಳಿಸಿ ಹಿಂತಿರುಗಿದನು. ಊರಿನ ವಾಚನಾಲಯದ ಲೆಕ್ಕ ಬರೆಯುವುದಕ್ಕೂ, ದೂರದ ಮೊಮ್ಮಕ್ಕಳ ಮುಖವನ್ನು ನೋಡಿ ಮಾತನಾಡುವುದಕ್ಕೂ ಯಂತ್ರವು ಚೆನ್ನಾಗಿಯೇ ಒದಗಿತು. ಆದರೆ ಅದನ್ನು ತಯಾರಿಸಿದವರು ಅದರೊಳಗೆ ಒಂದು ಕಾವಲಿನ ಪ್ರೋಗ್ರಾಮನ್ನೂ ಇರಿಸಿ ಮಾರಿದ್ದರು. ಕೆಲವು ವಾರಗಳ ಮಟ್ಟಿಗೆ ಅದು ಬಿಟ್ಟಿ. ಬಳಿಕ ಹಣ ತೆರತಕ್ಕದ್ದು. ಅವಧಿಯು ಮುಗಿಯಿತು. ಅಂದಿನಿಂದ ಅದು ಪರದೆಯ ಮೂಲೆಯಲ್ಲಿ ಮೇಲಿಂದಮೇಲೆ ಎದ್ದುನಿಂತು, ಯಂತ್ರಕ್ಕೆ ರಕ್ಷಣೆಯಿಲ್ಲ, ಅಪಾಯವು ಹತ್ತಿರವಿದೆ, ಕೂಡಲೆ ಹಣ ಕಟ್ಟಬೇಕು ಎಂದು ಹೆದರಿಸತೊಡಗಿತು. ವಾಸ್ತವವಾಗಿ ಆ ಯಂತ್ರದ ವಿಂಡೋಸ್ ವ್ಯವಸ್ಥೆಯಲ್ಲಿಯೇ ಒಂದು ಕಾವಲು ಉಂಟು. ಹೊರಗಿನ ಕಾವಲು ತೊಲಗಿದರೆ ಅದು ತಾನಾಗಿ ಎಚ್ಚರಗೊಳ್ಳುತ್ತದೆ. ಇದನ್ನು ಅರಿಯದ ಗೃಹಿಣಿಯು ಹೆದರಿ, ಯಂತ್ರದ ಮುಂದೆ ಕುಳಿತು ಮೊಮ್ಮಕ್ಕಳೊಡನೆ ಮಾತನಾಡುವುದನ್ನೇ ನಿಲ್ಲಿಸಿಬಿಟ್ಟರು.

ಗೃಹಸ್ಥರು ಆ ಪ್ರೋಗ್ರಾಮನ್ನು ತೆಗೆದುಹಾಕಲು ನಿಶ್ಚಯಿಸಿ, ಅದಕ್ಕೆಂದೇ ಇರುವ ಪಟ್ಟಿಯನ್ನು ತೆರೆದು, ಅದರ ಹೆಸರನ್ನು ಒತ್ತಿದರು. ಕೂಡಲೆ ಪರದೆಯೆಲ್ಲ ಮಬ್ಬಾಗಿ, ನಡುವೆ ಒಂದು ಚೌಕವು ಕಾಣಿಸಿಕೊಂಡು, ಅಡ್ಮಿನಿಸ್ಟ್ರೇಟರ ಗುಪ್ತಪದವನ್ನು ಕೇಳಿತು. ಗುಪ್ತಪದವು ಮಗನಲ್ಲಿದ್ದಿತು. ಇಲ್ಲಿ ಹಗಲಾದಾಗ ಅಲ್ಲಿ ರಾತ್ರಿ. ಹಣವು ತಮ್ಮದು, ಮೇಜು ತಮ್ಮದು, ಯಂತ್ರವು ತಮ್ಮದು. ಅಪ್ಪಣೆ ಮಾತ್ರ ಸಮುದ್ರದಾಚೆಯಿಂದ ಬರತಕ್ಕದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯ ಅರ್ಥವು ಅವರಿಗೆ ಅಂದು ಪೂರ್ಣವಾಗಿ ಹೊಳೆಯಿತು. ಮೂವತ್ತು ವರ್ಷ ಸಾರ್ವಜನಿಕರ ಹಣವನ್ನು ನಂಬಿಕೆಯಿಂದ ಕಾದವರಿಗೆ ತಮ್ಮ ಮನೆಯ ಪೆಟ್ಟಿಗೆಯ ಬೀಗದ ಕೈಯಿಲ್ಲವೆಂಬುದು ಸಣ್ಣ ನೋವಲ್ಲ.

ಈ ಬೀಗವು ಎಲ್ಲಿಂದ ಬಂತೆಂಬುದನ್ನು ತಿಳಿಯದೆ ಅದನ್ನು ದೂರುವುದು ನ್ಯಾಯವಲ್ಲ. ಆರಂಭದಲ್ಲಿ ಕಂಪ್ಯೂಟರು ಒಬ್ಬರ ಸ್ವತ್ತಾಗಿರಲಿಲ್ಲ. ೧೯೬೧ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕಾರ್ಬಟೋ ಮತ್ತು ಅವರ ಸಹೋದ್ಯೋಗಿಗಳು ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಹಂಚಿಕೊಳ್ಳುವ ಪದ್ಧತಿಯನ್ನು ಮಾಡಿ ತೋರಿಸಿದರು. ಹಲವರು ಸೇರಿದ ಮನೆಯಲ್ಲಿ ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರು ಕೈಯಿಕ್ಕದಂತೆ ಗುಪ್ತಪದಗಳು ಬಂದುವು. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಆರಂಭಿಸಿದ ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಸಾಮಾನ್ಯರ ಮೇಲೆ ಒಬ್ಬ ಸರ್ವಾಧಿಕಾರಿಯನ್ನು ಕಲ್ಪಿಸಿದರು. ಅವನ ಹೆಸರು ರೂಟ್, ಎಂದರೆ ಬೇರು. ೧೯೭೫ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು, ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಬ್ಬ ಮನುಷ್ಯನೂ ತನ್ನ ಕೆಲಸಕ್ಕೆ ಎಷ್ಟು ಅಧಿಕಾರವು ಅವಶ್ಯವೋ ಅಷ್ಟನ್ನೇ ಹೊಂದಿರಬೇಕೆಂಬ ಸೂತ್ರವನ್ನು ಪ್ರತಿಪಾದಿಸಿದರು. ಅವಿಭಕ್ತ ಕುಟುಂಬದ ವ್ಯವಹಾರವನ್ನು ಬಲ್ಲವರಿಗೆ ಇದರಲ್ಲಿ ವಿರೋಧವೇನೂ ಕಾಣದು. ಕರ್ತನೊಬ್ಬನು ಎಲ್ಲರ ಪರವಾಗಿ ಆಡಳಿತವನ್ನು ನಡೆಯಿಸುವನು. ಉಳಿದವರು ತಮ್ಮ ತಮ್ಮ ಕೆಲಸಕ್ಕೆ ತಕ್ಕಷ್ಟು ಸ್ವಾತಂತ್ರ್ಯವನ್ನು ಅನುಭವಿಸುವರು.

ತೊಡಕು ಹುಟ್ಟಿದ್ದು ಯಂತ್ರವು ಒಬ್ಬೊಬ್ಬರ ಮನೆಗೆ ಬಂದಮೇಲೆ. ೧೯೯೫ರಲ್ಲಿಯೂ ೧೯೯೮ರಲ್ಲಿಯೂ ಹೊರಬಂದ ವಿಂಡೋಸ್‌ಗಳಲ್ಲಿ ಇಂಥ ಬೀಗವೇ ಇರಲಿಲ್ಲ. ಯಂತ್ರದ ಮುಂದೆ ಕುಳಿತವನೇ ಸರ್ವಾಧಿಕಾರಿ. ೨೦೦೧ರ ಎಕ್ಸ್‌ಪಿ ಎಂಬುದರಲ್ಲಿ ಬೀಗವಿದ್ದರೂ, ಮನೆಗಳಲ್ಲಿ ತೆರೆದ ಖಾತೆಗಳು ಸಾಮಾನ್ಯವಾಗಿ ಪೂರ್ಣಾಧಿಕಾರದವೇ ಆಗಿದ್ದುವು. ಆದುದರಿಂದ ಆ ಮನುಷ್ಯನು ಅರಿಯದೆ ತೆರೆದ ದುಷ್ಟ ಪ್ರೋಗ್ರಾಮಿಗೂ ಅವನ ಪೂರ್ಣಾಧಿಕಾರವೇ ದೊರೆಯುತ್ತಿತ್ತು. ೨೦೦೭ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಈ ಕ್ರಮವನ್ನು ಬದಲಾಯಿಸಿದರು. ಅಂದಿನಿಂದ ಅಡ್ಮಿನಿಸ್ಟ್ರೇಟರನೂ ದಿನನಿತ್ಯದ ಕೆಲಸದಲ್ಲಿ ಸಾಮಾನ್ಯನಂತೆಯೇ ಇರುವನು. ದೊಡ್ಡ ಕೆಲಸವೊಂದು ಬಂದಾಗ ಯಂತ್ರವು ಅವನನ್ನು ತಡೆದು ಕೇಳುವುದು. ಅವನು ಹೂಂಗುಟ್ಟಿದರೆ ಆ ಕೆಲಸದ ಮಟ್ಟಿಗೆ ಮಾತ್ರ ಪೂರ್ಣಾಧಿಕಾರವು ಬರುವುದು. ಮಡಿಯ ಆಚಾರವಿರುವ ಮನೆಯಲ್ಲಿ ಯಜಮಾನನೇ ಆದರೂ ಮೈಲಿಗೆಯ ಬಟ್ಟೆಯಲ್ಲಿ ದೇವರ ಪಾತ್ರೆಯನ್ನು ಮುಟ್ಟನು. ಮಿಂದು ಮಡಿಯುಟ್ಟು ಬಂದಮೇಲೆ ಅವನೇ ಮುಟ್ಟುವನು. ಮನುಷ್ಯನು ಒಬ್ಬನೇ, ಅವಸ್ಥೆಗಳು ಎರಡು. ತಾನು ಅಡ್ಮಿನಿಸ್ಟ್ರೇಟರನಾಗಿದ್ದರೂ ಅಡ್ಮಿನಿಸ್ಟ್ರೇಟರ ಅಪ್ಪಣೆ ಬೇಕೆಂದು ಯಂತ್ರವು ತನಗೇ ಹೇಳುತ್ತದೆಯಲ್ಲಾ ಎಂದು ಅನೇಕರು ರೇಗುವುದುಂಟು; ಆ ಒಗಟಿನ ಅರ್ಥವು ಇಷ್ಟೇ. ವ್ಯವಸ್ಥೆಯ ಮೂಲ ಕಡತಗಳ ಮಟ್ಟಿಗಂತೂ ಅಡ್ಮಿನಿಸ್ಟ್ರೇಟರನೂ ಒಡೆಯನಲ್ಲ. ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಕಣ್ಣಿಗೆ ಕಾಣದ ಪಾರುಪತ್ಯಗಾರನೊಬ್ಬನು ಅವುಗಳ ಸ್ವಾಮಿಯಾಗಿರುವನು.

ವಿಸ್ಟಾದ ಪ್ರಶ್ನೆಗಳು ಅತಿಯಾಗಿ ಜನರು ಬೇಸತ್ತರು. ೨೦೦೮ರಲ್ಲಿ ಅದನ್ನು ತಯಾರಿಸಿದ ಮೈಕ್ರೊಸಾಫ್ಟಿನ ಅಧಿಕಾರಿಯೊಬ್ಬರು, ಜನರನ್ನು ಕಾಡಿಸುವುದೇ ಅದರ ಉದ್ದೇಶವಾಗಿತ್ತೆಂದು ಬಹಿರಂಗ ಸಭೆಯಲ್ಲಿ ಹೇಳಿಬಿಟ್ಟರು. ಜನರ ಗೊಣಗಾಟಕ್ಕೆ ಅಂಜಿಯಾದರೂ ಪ್ರೋಗ್ರಾಂ ಬರೆಯುವವರು ಅನಾವಶ್ಯಕವಾಗಿ ಪೂರ್ಣಾಧಿಕಾರವನ್ನು ಬೇಡುವುದನ್ನು ಬಿಡಲಿ ಎಂಬುದು ಅದರ ತಾತ್ಪರ್ಯ. ಶಿಷ್ಯನು ತಪ್ಪಿದಾಗ ಅವನ ತಂದೆಯನ್ನು ಕರೆಸಿ ನಿಲ್ಲಿಸುವ ಉಪಾಯದಂತೆ ಇದು. ೨೦೦೯ರ ಮುಂದಿನ ವಿಂಡೋಸಿನಲ್ಲಿ ಪ್ರಶ್ನೆಗಳು ಕಡಿಮೆಯಾದುವು.

ಇತ್ತ ಗೃಹಸ್ಥರು ಮರುದಿನ ಮಗನಿಗೆ ತಮ್ಮ ಅಸಮಾಧಾನವನ್ನು ತಿಳಿಸಿ, ಬೀಗವನ್ನೇ ಕಿತ್ತುಬಿಡುವಂತೆ ಹೇಳಿದರು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟಂತೆ ಆಗಬಾರದೆಂದು ಮಗನು ವಿನಯದಿಂದ ಬಿನ್ನವಿಸಿದನು. ವೃದ್ಧರ ಪಿಂಚಣಿಯ ಹಣವನ್ನು ಕದಿಯಲು ಹೊಂಚುಹಾಕುವವರು ಹೆಚ್ಚಿರುವ ಕಾಲದಲ್ಲಿ, ಯಾವನೋ ದೂರವಾಣಿಯಲ್ಲಿ ಹೇಳಿಕೊಟ್ಟುದನ್ನು ತಂದೆತಾಯಿಗಳು ಅಳವಡಿಸಿಬಿಟ್ಟಾರೆಂಬ ಭಯದಿಂದ ತಾನು ಹಾಗೆ ಮಾಡಿದುದಾಗಿ ಹೇಳಿದನು. ಭಯವು ಯುಕ್ತವೇ; ಆದರೆ ಅದನ್ನು ಮೊದಲೇ ತಂದೆಗೆ ತಿಳಿಸದಿದ್ದುದು ಯುಕ್ತವಲ್ಲ. ರಕ್ಷಣೆಗೆಂದು ಹಾಕಿದ ಬೀಗವು ಕಾರಣವನ್ನು ಹೇಳದಿದ್ದರೆ ಅವಮಾನವಾಗಿ ತೋರುತ್ತದೆ. ಕೊನೆಗೆ ಇಬ್ಬರೂ ಒಂದು ಸಮಯಕ್ಕೆ ಬಂದರು. ತಂದೆಯು ನಿತ್ಯದ ಕೆಲಸವನ್ನು ಸಾಮಾನ್ಯ ಖಾತೆಯಲ್ಲಿಯೇ ನಡೆಯಿಸತಕ್ಕದ್ದು. ಅಡ್ಮಿನಿಸ್ಟ್ರೇಟರ ಗುಪ್ತಪದವನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಅದನ್ನು ತೆರೆಯುವ ಮುನ್ನ ಸಾಧ್ಯವಾದರೆ ಪರಸ್ಪರ ತಿಳಿಸತಕ್ಕದ್ದು.

ಗುಪ್ತಪದವು ದೊರೆತರೂ ಕೆಲಸವು ಮುಗಿಯಲಿಲ್ಲ. ತೊಲಗಬೇಕಾದ ಪ್ರೋಗ್ರಾಮು, ನಿಜವಾಗಿಯೂ ತೆಗೆಯುವಿರಾ ಎಂದು ಒಮ್ಮೆ ಕೇಳಿತು. ಕಾರಣವೇನೆಂದು ಇನ್ನೊಮ್ಮೆ ಕೇಳಿತು. ಬೆಲೆಯನ್ನು ಇಳಿಸಿಕೊಡುವೆನೆಂದು ಮತ್ತೊಮ್ಮೆ ಆಸೆ ತೋರಿಸಿತು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಮೇಲೂ ಅದರ ಕೆಲವು ಅಂಶಗಳು ಉಳಿದಿದ್ದುವು. ಅವುಗಳನ್ನು ತೆಗೆಯಲು ಅದರ ತಯಾರಕರೇ ಬೇರೊಂದು ಉಪಕರಣವನ್ನು ಕೊಡುತ್ತಿದ್ದರು. ಅದನ್ನು ನಡೆಯಿಸಲು ಪುನಃ ಅಡ್ಮಿನಿಸ್ಟ್ರೇಟರ ಅಪ್ಪಣೆ! ಮೂರು ಗಂಟೆಗಳ ಬಳಿಕ ಪರದೆಯು ಶಾಂತವಾಯಿತು. ಆ ಸಂಜೆ ಗೃಹಿಣಿಯು ಮೊಮ್ಮಕ್ಕಳೊಡನೆ ನಿಶ್ಚಿಂತೆಯಿಂದ ಮಾತನಾಡಿದರು.

ಇಲ್ಲಿ ವಿಚಾರಮಾಡತಕ್ಕ ಅಂಶವೊಂದುಂಟು. ಪ್ರೋಗ್ರಾಮನ್ನು ಹೊರಹಾಕುವ ವಿಧಾನವನ್ನು ಬರೆಯುವವರು ಸಾಮಾನ್ಯವಾಗಿ ಆ ಪ್ರೋಗ್ರಾಮನ್ನು ತಯಾರಿಸಿದವರೇ. ವಿಂಡೋಸಿನ ಪಟ್ಟಿಯಲ್ಲಿ ಹೆಸರನ್ನು ಒತ್ತಿದಾಗ ನಡೆಯುವುದು ಬಹುಮಟ್ಟಿಗೆ ಅವರು ಬಿಟ್ಟುಹೋದ ವಿಧಾನವೇ. ಎಂದರೆ, ಬೇಡವಾದ ಅತಿಥಿಯನ್ನು ಕಳುಹಿಸಿಕೊಡುವ ಭಾರವು ಆ ಅತಿಥಿಯ ಮೇಲೆಯೇ ಬಿದ್ದಿದೆ. ಅವನು ಸಜ್ಜನನಾದರೆ ಗಂಟುಮೂಟೆ ಸಮೇತ ಹೊರಡುವನು. ಇಲ್ಲವಾದರೆ ಒಂದು ಮೂಟೆಯನ್ನು ಅಟ್ಟದಲ್ಲಿ ಬಿಟ್ಟೇ ಹೋಗುವನು. ೨೦೦೫ರಲ್ಲಿ ಸೋನಿ ಬಿಎಂಜಿ ಎಂಬ ಸಂಗೀತ ಸಂಸ್ಥೆಯು ತನ್ನ ತಟ್ಟೆಗಳ ನಕಲನ್ನು ತಡೆಯಲು ಅವುಗಳಲ್ಲಿ ಒಂದು ಪ್ರೋಗ್ರಾಮನ್ನು ಅಡಗಿಸಿತ್ತು. ಹಾಡು ಕೇಳಲು ತಟ್ಟೆಯನ್ನು ಇಟ್ಟವರ ಯಂತ್ರದಲ್ಲಿ ಅದು ಗುಪ್ತವಾಗಿ ನೆಲೆಸುತ್ತಿತ್ತು. ಮಾರ್ಕ್ ರುಸ್ಸಿನೊವಿಚ್ ಎಂಬ ತಜ್ಞರು ಅದನ್ನು ಪತ್ತೆಹಚ್ಚಿ ಪ್ರಕಟಿಸಿದಮೇಲೆ, ಅದನ್ನು ತೆಗೆಯಲು ಕೊಟ್ಟ ಉಪಕರಣವೇ ಯಂತ್ರದಲ್ಲಿ ಇನ್ನೊಂದು ಕನ್ನವನ್ನು ಕೊರೆಯಿತು. ೨೦೧೫ರಲ್ಲಿ ಲೆನೊವೊ ಯಂತ್ರಗಳಲ್ಲಿ ಮೊದಲೇ ಸೇರಿಸಿದ್ದ ಸೂಪರ್‌ಫಿಷ್ ಎಂಬ ಜಾಹೀರಾತಿನ ಪ್ರೋಗ್ರಾಮನ್ನು ತೆಗೆದರೂ, ಅದು ನೆಟ್ಟಿದ್ದ ನಂಬಿಕೆಯ ಮುದ್ರೆಯು ಯಂತ್ರದಲ್ಲಿ ಹಾಗೆಯೇ ಉಳಿಯುತ್ತಿತ್ತು. ಆ ಮುದ್ರೆಯನ್ನು ಕಳ್ಳನೂ ಬಳಸಿಕೊಳ್ಳಬಹುದಾಗಿತ್ತು.

ನ್ಯಾಯಸ್ಥಾನಗಳೂ ಶಾಸನಸಭೆಗಳೂ ಈ ವಿಚಾರವನ್ನು ಕೈಗೆತ್ತಿಕೊಂಡಿವೆ. ೨೦೨೨ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಗೂಗಲ್ ಸಂಸ್ಥೆಗೆ ೧,೩೩೭.೭೬ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿ, ದೂರವಾಣಿಗಳಲ್ಲಿ ಮೊದಲೇ ತುಂಬಿಸಿರುವ ಅದರ ಪ್ರೋಗ್ರಾಮುಗಳನ್ನು ಬಳಸುವವರು ತೆಗೆದುಹಾಕುವುದಕ್ಕೆ ಅಡ್ಡಿಮಾಡಕೂಡದೆಂದು ಇತರ ನಿರ್ದೇಶಗಳೊಡನೆ ಆಜ್ಞಾಪಿಸಿತು. ೨೦೨೩ರ ಮಾರ್ಚಿಯಲ್ಲಿ ಮೇಲ್ಮನವಿಯ ನ್ಯಾಯಮಂಡಲಿಯು ದಂಡವನ್ನು ಎತ್ತಿಹಿಡಿದರೂ ಕೆಲವು ನಿರ್ದೇಶಗಳನ್ನು ರದ್ದುಪಡಿಸಿತು. ರದ್ದಾದವುಗಳಲ್ಲಿ ಇದೂ ಒಂದು. ಯೂರೋಪಿನಲ್ಲಿಯಾದರೋ, ೨೦೨೪ರ ಮಾರ್ಚಿಯಿಂದ ದೊಡ್ಡ ಸಂಸ್ಥೆಗಳು ಅನುಸರಿಸಬೇಕಾದ ಕಾನೂನಿನಿಂದಾಗಿ, ವಿಂಡೋಸಿನೊಡನೆ ಬರುವ ಎಡ್ಜ್ ಎಂಬುದನ್ನೂ ಅಲ್ಲಿಯ ಜನರು ತೆಗೆದುಹಾಕುವಂತಾಗಿದೆ. ಯಂತ್ರವು ಒಂದೇ, ಪ್ರೋಗ್ರಾಮೂ ಒಂದೇ. ದೇಶವು ಬದಲಾದರೆ ಬಾಗಿಲು ತೆರೆಯುತ್ತದೆ. ಆದುದರಿಂದ ಅದು ಅಸಾಧ್ಯವಾಗಿದ್ದುದು ಯಂತ್ರದ ಸ್ವಭಾವದಿಂದಲ್ಲವೆಂದು ಸ್ಪಷ್ಟವಾಯಿತು.

ಕೈಗೆಟುಕದ ಅಧಿಕಾರದಿಂದ ಎಂಥ ವಿಪತ್ತು ಒದಗಬಹುದೆಂಬುದನ್ನು ೨೦೨೪ರ ಜುಲೈ ೧೯ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಕಾವಲು ಪ್ರೋಗ್ರಾಮಿನೊಳಕ್ಕೆ ಒಂದು ದೋಷಯುಕ್ತ ಕಡತವು ಬಂದು ಸೇರಲು, ಸುಮಾರು ೮೫ ಲಕ್ಷ ಯಂತ್ರಗಳು ನಿಂತುಹೋದುವು. ವಿಮಾನಗಳು ಹಾರಲಿಲ್ಲ, ಆಸ್ಪತ್ರೆಗಳ ಕೆಲಸವು ಕೆಟ್ಟಿತು. ಪರಿಹಾರವಾದರೋ ಆ ಒಂದು ಕಡತವನ್ನು ಅಳಿಸುವುದಷ್ಟೆ. ಆದರೆ ಅದಕ್ಕೆ ಅಧಿಕಾರವುಳ್ಳವನೊಬ್ಬನು ಹೆಚ್ಚಿನ ಯಂತ್ರಗಳ ಮುಂದೆ ಖುದ್ದಾಗಿ ಕೂಡಬೇಕಾಯಿತು. ಬೀಗಮುದ್ರೆಯಿದ್ದ ಯಂತ್ರಗಳಿಗೆ ಉದ್ದವಾದ ಗುಪ್ತಸಂಖ್ಯೆಯನ್ನೂ ಹುಡುಕಬೇಕಾಯಿತು.

ಹಾಗಾದರೆ ಬೀಗವು ಬೇಕೋ ಬೇಡವೋ? ಮೀಮಾಂಸಕರು ಅಧಿಕಾರವೆಂದರೆ ಫಲದ ಸ್ವಾಮ್ಯವೆಂದು ವಿವರಿಸುತ್ತಾರೆ. ಕರ್ಮದ ಫಲವನ್ನು ಯಾರು ಅನುಭವಿಸುವರೋ ಅವರೇ ಅದರಲ್ಲಿ ಅಧಿಕಾರಿಗಳು. ಈ ಒರೆಗಲ್ಲು ಇಲ್ಲಿಯೂ ಸಾಕು. ಮಗನು ಹಾಕಿದ ಬೀಗದ ಫಲವು ತಂದೆಯ ಹಣದ ರಕ್ಷಣೆ. ಆದುದರಿಂದ ಅದು ನ್ಯಾಯವಾದದ್ದು, ಹೇಳಿಕೇಳಿ ಹಾಕಿದರೆ ಇನ್ನೂ ನ್ಯಾಯವಾದದ್ದು. ಕರೆಯದೆ ಒಳಗೆ ಕುಳಿತ ಪ್ರೋಗ್ರಾಮು ತಾನು ಹೊರಡದಿರಲೆಂದು ಹಾಕಿಕೊಂಡ ಬೀಗದ ಫಲವು ಅದರ ತಯಾರಕನಿಗೆ ಮಾತ್ರ. ಅದು ಒಡೆಯನ ಅಧಿಕಾರದ ಅಪಹರಣವೇ ಸರಿ. ಎರಡೂ ಒಂದೇ ಚೌಕದಲ್ಲಿ, ಒಂದೇ ಮಾತಿನಲ್ಲಿ ಅಪ್ಪಣೆಯನ್ನು ಕೇಳುವುದರಿಂದ ಜನರು ಎರಡನ್ನೂ ದ್ವೇಷಿಸುವರು, ಇಲ್ಲವೆ ಎರಡಕ್ಕೂ ಓದದೆಯೇ ಹೂಂಗುಟ್ಟುವರು. ಓದಿ ಉತ್ತರ ಕೊಡುವ ಅಭ್ಯಾಸವು ವಿದ್ಯಾವಂತರ ಮನೆಗಳಿಂದಲೇ ಆರಂಭವಾಗಬೇಕು. ಹಿರಿಯರಿಗೆ ಯಂತ್ರವನ್ನು ಕೊಡುವ ಮಕ್ಕಳು ಅದರ ಬೀಗದ ಕೈಯನ್ನೂ, ಅದನ್ನು ಏಕೆ ಹಾಕಿದೆಯೆಂಬ ಕಾರಣವನ್ನೂ ಜೊತೆಯಲ್ಲಿಯೇ ಕೊಟ್ಟುಹೋಗುವುದು ಲೇಸು.