ವೈಪಾಹುವಿನ ಅಜ್ಜಿ

ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಹೋಗುವ ಪ್ರವಾಸಿಗರಲ್ಲಿ ಬಹುಮಂದಿ ಹೊನೊಲುಲು ನಗರದ ವೈಕಿಕಿ ಕಡಲತೀರವನ್ನು ನೋಡಿ, ಅಲ್ಲಿಯ ಹೋಟೆಲುಗಳಲ್ಲಿ ನಾಲ್ಕು ದಿನ ಸುಖವಾಗಿದ್ದು ಹಿಂದಿರುಗುವರು. ಆ ಹೋಟೆಲುಗಳ ಹಾಸಿಗೆಗಳನ್ನು ಪ್ರತಿದಿನವೂ ಹಸನುಮಾಡುವ ಕೈಗಳು ಯಾರವು, ಆ ಜನರು ಎಲ್ಲಿ ವಾಸಿಸುವರು ಎಂದು ವಿಚಾರಿಸುವವರು ವಿರಳ. ಅದನ್ನು ತಿಳಿಯಬೇಕಾದರೆ ನಗರದಿಂದ ಪಶ್ಚಿಮಕ್ಕೆ ಸುಮಾರು 15 ಮೈಲಿ ಹೋಗಿ, ಪರ್ಲ್ ಹಾರ್ಬರ್ ಬಂದರಿನ ಬಳಿಯ ವೈಪಾಹು ಎಂಬ ಊರನ್ನು ಸೇರಬೇಕು. ನಾವು ಅಲ್ಲಿಗೆ ಹೋದೆವು.

ವೈಪಾಹು ಎಂದರೆ ಹವಾಯಿ ಜನರ ಭಾಷೆಯಲ್ಲಿ ಚಿಮ್ಮುವ ನೀರು ಎಂದರ್ಥ. ಇಲ್ಲಿ 1897ರಲ್ಲಿ ಓವಾಹು ಸಕ್ಕರೆ ಕಂಪನಿಯು ಸ್ಥಾಪಿತವಾಗಿ, ಕಣ್ಣು ಹಾಯುವಷ್ಟು ದೂರ ಕಬ್ಬು ಬೆಳೆಯಿತು. 1995ರಲ್ಲಿ ಕಾರ್ಖಾನೆಯು ಮುಚ್ಚಿತು. ದಿಬ್ಬದ ಮೇಲೆ ಅದರ ಹೊಗೆಕೊಳವೆ ಈಗಲೂ ನಿಂತಿದೆ. ಕಬ್ಬು ಹೋಯಿತು; ಕಬ್ಬಿಗಾಗಿ ಬಂದ ಜನ ಉಳಿದರು.

ಆ ಜನರಲ್ಲಿ ಫಿಲಿಪೈನ್ಸ್ ದೇಶದವರ ಕಥೆ ವಿಶೇಷವಾದದ್ದು. 1906ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಅವರಲ್ಲಿ 15 ಮಂದಿ ಮೊದಲನೆಯ ತಂಡವಾಗಿ ಹೊನೊಲುಲುವಿಗೆ ಬಂದಿಳಿದರು. ಮುಂದಿನ 40 ವರ್ಷಗಳಲ್ಲಿ ಹೀಗೆ ಬಂದವರು ಲಕ್ಷಕ್ಕೂ ಹೆಚ್ಚು. ಇವರಿಗೆ ಸಕಾಡರೆಂದು ಹೆಸರು. ಬಹುಮಂದಿ ಲುಸೋನ್ ದ್ವೀಪದ ಉತ್ತರದಲ್ಲಿರುವ ಇಲೋಕೋಸ್ ಸೀಮೆಯವರು. ಒಂದು ಕಡೆ ಪರ್ವತ, ಇನ್ನೊಂದು ಕಡೆ ಸಮುದ್ರ, ನಡುವೆ ಕಿರಿದಾದ ನೆಲ; ಅಣ್ಣತಮ್ಮಂದಿರಲ್ಲಿ ಹಂಚಿಕೊಂಡರೆ ಒಬ್ಬನಿಗೂ ಸಾಲದು. ತೋಟದ ಧಣಿಗಳಿಗೆ ಬೇಕಾದದ್ದು ಒಂಟಿ ಗಂಡಾಳುಗಳು. ಆದಕಾರಣ ಸಂಸಾರಗಳು ಹಿಂದೆ ಉಳಿದವು. 1946ರಲ್ಲಿ ಸುಮಾರು 6,000 ಮಂದಿಯ ಕೊನೆಯ ತಂಡವು ಬಂದಿತು. ಅದೇ ವರ್ಷ ಫಿಲಿಪೈನ್ಸ್ ಸ್ವತಂತ್ರವಾಗಲು, ಅಮೆರಿಕದ ಬಾಗಿಲು ಬಹುಮಟ್ಟಿಗೆ ಮುಚ್ಚಿಕೊಂಡಿತು. 1965ರ ಕಾಯಿದೆಯು ಬಂಧುಗಳನ್ನು ಕರೆಸಿಕೊಳ್ಳಲು ಅವಕಾಶವಿತ್ತ ಮೇಲೆ ಅದು ಮತ್ತೆ ತೆರೆಯಿತು.

ಇಷ್ಟನ್ನು ಪುಸ್ತಕಗಳಿಂದ ತಿಳಿಯಬಹುದು. ಇದು ಒಂದು ಮನೆಯಲ್ಲಿ ಹೇಗೆ ನಡೆಯಿತೆಂಬುದನ್ನು ನಾವು ಒಬ್ಬ ಅಜ್ಜಿಯ ಬಾಯಿಂದ ಕೇಳಿದೆವು.

ಊರಿನ ಹಳೆಯ ಬೀದಿಯೊಂದರಲ್ಲಿ ಅವರ ಮನೆ. ಅಂಗಳದಲ್ಲಿ ನುಗ್ಗೆಯ ಮರವನ್ನು ಕಂಡು ನಮಗೆ ಊರು ಸೇರಿದಷ್ಟು ಸಂತೋಷವಾಯಿತು. ಈ ಮರದ ಮೂಲಸ್ಥಾನವು ನಮ್ಮ ದೇಶವೇ ಅಲ್ಲವೆ? ಇಲೋಕೋಸಿನವರು ಇದನ್ನು ಮರುಂಗಾಯ್ ಎನ್ನುವರು. ತಮಿಳರ ಮುರುಂಗೈ ಎಂಬ ಮಾತು ಒಡನೆ ನೆನಪಿಗೆ ಬರುವುದು. ಶಾಲೆಯಿಂದ ಬಂದ ಮರಿಮೊಮ್ಮಗನು ಮೊದಲು ಅಜ್ಜಿಯ ಕೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡು, ಆಶೀರ್ವಾದ ಪಡೆದು, ಬಳಿಕ ಒಳಗೆ ಹೋದನು. ಹಿರಿಯರಿಗೆ ನಮಸ್ಕರಿಸುವ ಅವರ ಪದ್ಧತಿಯಿದು. ಅಜ್ಜಿಯು ಮಾತನಾಡುವುದು ಇಲೋಕಾನೋ ಭಾಷೆ. ಮೊಮ್ಮಗಳು ಅದನ್ನು ಇಂಗ್ಲೀಷಿನಲ್ಲಿ ನಮಗೆ ತಿಳಿಸುತ್ತಿದ್ದಳು.

ಅಜ್ಜಿ ಹುಟ್ಟಿದ್ದು 1940ರಲ್ಲಿ. 1946ರ ತಂಡದಲ್ಲಿ ತಂದೆಯು ಹವಾಯಿಗೆ ಹೊರಟಾಗ ಆರು ವರ್ಷದ ಹುಡುಗಿ. ಆಮೇಲೆ ಅವರು ತಂದೆಯ ಮುಖವನ್ನು ಕಂಡದ್ದು 1971ರಲ್ಲಿ, ಗಂಡನೊಡನೆ ಇಲ್ಲಿಗೆ ಬಂದಿಳಿದಾಗ. ನಡುವೆ 25 ವರ್ಷಗಳು. ಕಾಗದವೂ ಹಣವೂ ಬರುತ್ತಿದ್ದವು, ಮನುಷ್ಯ ಮಾತ್ರ ಬರಲಿಲ್ಲ. ವಿಮಾನದ ವೆಚ್ಚಕ್ಕೆ ಇಬ್ಬರಿಗೆ ಸಾಕಾಗುವಷ್ಟೇ ದೊರೆತುದರಿಂದ, ಅವರೂ ತಮ್ಮ ಇಬ್ಬರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಬಂದಿದ್ದರು.

"ಅಪ್ಪ ಮಾಡಿದ್ದನ್ನೇ ನಾನೂ ಮಾಡಿದೆ. ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಆ ದಿನ ನನ್ನ ಮೇಲೆಯೇ ತಿರುಗಿತು," ಎಂದರು.

ಮಕ್ಕಳನ್ನು ಕರೆಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ಮೊದಲು ಅನಾನಸು ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದರು. ಬಳಿಕ ವೈಕಿಕಿಯ ಹೋಟೆಲೊಂದರಲ್ಲಿ ಕೋಣೆಗಳನ್ನು ಚೊಕ್ಕಟಮಾಡುವ ಕೆಲಸ. ದಿನಕ್ಕೆ 15 ಕೋಣೆ. ಇನ್ನೂ ಕತ್ತಲಿರುವಾಗ ಬಸ್ಸು ಹತ್ತಬೇಕು. ಜಪಕ್ಕೆ ಹೊತ್ತೆಲ್ಲಿಯದು?

ಅವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ಕ್ಯಾಥೊಲಿಕರ ಜಪಸರದಲ್ಲಿ ಆಗ ಯೇಸು ಮತ್ತು ಮಾತೆ ಮರಿಯಳ ಜೀವನದ 15 ರಹಸ್ಯಗಳಿದ್ದವು. ಒಂದೊಂದಕ್ಕೂ ಹತ್ತು ಬಾರಿ ಮಾತೆಗೆ ನಮನ. ಕೋಣೆಗಳೂ 15, ರಹಸ್ಯಗಳೂ 15! ಕೈಗಳಿಗೆ ಬಿಡುವಿಲ್ಲವಾದುದರಿಂದ ಮಣಿಸರವು ಜೇಬಿನಲ್ಲಿಯೇ ಇರುತ್ತಿತ್ತು. ದಿಂಬಿಗೊಂದು, ಮೇಲುಹಾಸಿಗೊಂದು, ಒಗೆದ ಟವಲಿಗೊಂದು ಎಂದು ಎಣಿಕೆ ನಡೆಯುತ್ತಿತ್ತು. ಕೊನೆಯ ಕೋಣೆಯ ಬಾಗಿಲೆಳೆದಾಗ ಜಪವೂ ಮುಗಿಯುತ್ತಿತ್ತು. ಯಾವ ಅತಿಥಿ ಮಲಗುವನೋ, ಅವನಿಗೂ ಆ ಹತ್ತು ಪ್ರಾರ್ಥನೆಗಳಲ್ಲಿ ಪಾಲುಂಟೆಂದು ಅವರ ನಂಬುಗೆ. 2001ರಲ್ಲಿ ಅವರು ನಿವೃತ್ತರಾದರು. ಮರುವರ್ಷ, 2002ರಲ್ಲಿ, ಪೋಪ್ ಎರಡನೆಯ ಜಾನ್ ಪಾಲರು ಇನ್ನೂ ಐದು ರಹಸ್ಯಗಳನ್ನು ಸೇರಿಸಿದರು. "ಒಂದು ವರ್ಷ ಮುಂಚೆ ಸೇರಿಸಿದ್ದರೆ ಮೇಸ್ತ್ರಿಯು 20 ಕೋಣೆ ಕೊಡುತ್ತಿದ್ದಳು," ಎಂದು ಅಜ್ಜಿ ನಕ್ಕರು.

ನಾವು ಹೋದದ್ದು ಶುಕ್ರವಾರ. ಅಂದು ಅವರು ಮಾಂಸವನ್ನು ಮುಟ್ಟುವುದಿಲ್ಲ. ಹೆಸರುಕಾಳನ್ನು ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಅಂಗಳದ ನುಗ್ಗೆಯ ಸೊಪ್ಪನ್ನು ಕೊನೆಯಲ್ಲಿ ಹಾಕಿ ಇಳಿಸಿದರು. ಹುದುಗಿಸಿದ ಮೀನಿನ ರಸವನ್ನು ಹಾಕದೆ ನಮಗಾಗಿ ಬೇರೆ ತೆಗೆದಿಟ್ಟಿದ್ದರು. ಬಿಸಿ ಅನ್ನದ ಮೇಲೆ ಅದನ್ನು ಬಡಿಸಿಕೊಂಡು ಉಂಡಾಗ, ನಮ್ಮ ಯಾವ ಗೃಹಿಣಿಯೂ ಅದನ್ನು ಪರದೇಶದ ಅಡಿಗೆಯೆನ್ನಲಾರಳೆಂದು ತೋರಿತು.

ಊಟವಾದ ಮೇಲೆ ಒಂದು ಭಾವಚಿತ್ರವನ್ನು ತೋರಿಸಿದರು. ಇಲೋಕೋಸಿನಲ್ಲಿ ಅವರು ಕಟ್ಟಿಸಿದ ಎರಡಂತಸ್ತಿನ ಮನೆ. ಆ ಸೀಮೆಯಲ್ಲಿ ಹವಾಯಿಯ ಹಣದಿಂದ ಎದ್ದ ಇಂತಹ ಮನೆಗಳು ಹಲವಿವೆ. ಇದು ವರ್ಷದ ಬಹುಭಾಗ ಬೀಗ ಹಾಕಿಕೊಂಡಿರುವುದು. ಅಲ್ಲಿಯ ಸ್ಮಶಾನದಲ್ಲಿ ತಾಯಿ ಇದ್ದಾಳೆ. ತಂದೆಯ ಸಮಾಧಿ ಇಲ್ಲಿದೆ. ಸಮುದ್ರವು ಅಗಲಿಸಿದ ದಂಪತಿಗಳು ಮಣ್ಣಿನಲ್ಲಿಯೂ ಕೂಡಲಿಲ್ಲ. ಮುಪ್ಪಿನಲ್ಲಿ ಹಿಂದಿರುಗಿ ತಾಯಿಯ ಪಕ್ಕದಲ್ಲಿ ಮಲಗಬೇಕೆಂದೇ ಅಜ್ಜಿ ಆ ಮನೆಯನ್ನು ಕಟ್ಟಿಸಿದ್ದು. ಆದರೆ ಈಗ ಇಲ್ಲಿಯೇ, ತಂದೆಯ ಬಳಿ, ಜಾಗ ಕೊಂಡಿದ್ದಾರೆ.

ಕಾರಣವನ್ನು ಕೇಳಿದೆವು. ನವೆಂಬರ್ ತಿಂಗಳ ಮೊದಲೆರಡು ದಿನ ಅವರಲ್ಲಿ ಗತಿಸಿದವರ ಸಮಾಧಿಗೆ ಹೋಗಿ ದೀಪ ಹಚ್ಚುವ ಪದ್ಧತಿಯುಂಟು. ಅಜ್ಜಿಯು ಮೊಮ್ಮಗಳ ಕಡೆ ನೋಡಿ ನಿಧಾನವಾಗಿ ಹೇಳಿದರು:

"ಅಮ್ಮನ ಬಳಿಗೆ ಹೋದರೆ ಈ ಮಕ್ಕಳು ದೀಪ ಹಚ್ಚಲು ವಿಮಾನ ಹತ್ತಬೇಕು. ಒಂದು ವರ್ಷ ಬರುತ್ತಾರೆ, ಮರುವರ್ಷ ಹಣ ಕಳಿಸುತ್ತಾರೆ. ಹಣ ಕಳಿಸುವ ಸಂಸಾರ ನಮ್ಮ ಅಪ್ಪನದು, ನನ್ನದು. ಇವರದು ಹಾಗಾಗಬಾರದು. ಅಮ್ಮ ಕ್ಷಮಿಸುತ್ತಾಳೆ."

ಇದನ್ನು ಭಾಷಾಂತರಿಸುತ್ತಿದ್ದ ಮೊಮ್ಮಗಳು ಕೊನೆಯ ಮಾತನ್ನು ನಮಗೆ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

ನಮ್ಮಲ್ಲಿಯೂ ಮಕ್ಕಳು ದೂರದೇಶದಲ್ಲಿರುವ ಮನೆಗಳು ಈಗ ಹಲವು. ಎಲ್ಲರಿಗೂ ಈ ಅಜ್ಜಿಯ ನಿರ್ಧಾರವೇ ಒಪ್ಪಬೇಕೆಂದೇನೂ ಇಲ್ಲ. ಆದರೆ ಸಂಸಾರವನ್ನು ಒಂದೆಡೆ ಕೂಡಿಸುವುದಕ್ಕಾಗಿ ಆಕೆ ಮೂವತ್ತು ವರ್ಷ ದುಡಿದು, ಕೊನೆಗೆ ತನ್ನ ಮಣ್ಣಿನ ಆಸೆಯನ್ನೂ ಅದಕ್ಕೆ ಸೇರಿಸಿಕೊಟ್ಟುದನ್ನು ನಮ್ಮ ಗೃಹಸ್ಥರು ತಿಳಿದಿರಬೇಕೆಂದು ಇಷ್ಟನ್ನು ಬರೆದಿದ್ದೇವೆ.