ಕನ್ನಡಕ ಬೇಡದ ಪ್ರವಾಸ

ಆಮ್‌ಸ್ಟರ್‌ಡ್ಯಾಮಿನಲ್ಲಿ ನಾಜಿಗಳ ಕಣ್ಣು ತಪ್ಪಿಸಿ ಯಹೂದಿ ಹುಡುಗಿ ಆನ್ ಫ್ರಾಂಕ್ ಕುಟುಂಬದೊಂದಿಗೆ ಅಡಗಿದ್ದ ಮನೆಯನ್ನು ಈಗ ಬೆಂಗಳೂರಿನ ಬೆನ್ಸನ್ ಟೌನಿನ ತರಗತಿಯಲ್ಲೇ ಕೂತು, ವಿಆರ್ ಕನ್ನಡಕ ಹಾಕಿಕೊಂಡು ಸುತ್ತಬಹುದು. ಒಳ್ಳೆಯದೇ, ವೀಸಾ ಖರ್ಚಿಲ್ಲ. ಆದರೆ ಒಂದು ವಿಚಿತ್ರವಿದೆ. ನಿಜವಾದ ಮನೆಯಲ್ಲಿ ಅವರು ಅಡಗಿದ್ದ ಕೋಣೆಗಳು ಖಾಲಿ. ನಾಜಿಗಳು ಸಾಮಾನೆಲ್ಲ ಸಾಗಿಸಿದ್ದರು. ಹಾಗೇ ಇರಲಿ ಎಂದವರು ಕುಟುಂಬದಲ್ಲಿ ಒಬ್ಬರೇ ಬದುಕುಳಿದ ಆಕೆಯ ತಂದೆ ಒಟ್ಟೊ ಫ್ರಾಂಕ್. ವಿಆರ್‌ನಲ್ಲಿ ಮಾತ್ರ ಮಂಚ, ಮೇಜು ಎಲ್ಲ ವಾಪಸ್ ಬಂದು ಕೂತಿವೆ! ಮಕ್ಕಳಿಗೆ ಎರಡನ್ನೂ ತೋರಿಸಿ, ಯಾವುದು ಹೆಚ್ಚು ಕಾಡಿತು ಅಂತ ಕೇಳಬೇಕು. ನನ್ನ ವೋಟು ಖಾಲಿ ಕೋಣೆಗೆ.

ಇನ್ನು ಕನ್ನಡಕವೇ ಬೇಡದ, ನಮ್ಮದೇ ಊರಿನ ಸಾವುಗಳ ಕಥೆ. 1898ರಲ್ಲಿ ಪ್ಲೇಗ್ ಬಂದು ಬೆಂಗಳೂರಿನಲ್ಲಿ ಸಾವಿರಾರು ಜನ ಸತ್ತರು. ಸೋಂಕಿನವರನ್ನು ಮನೆಯವರಿಂದ ಬಿಡಿಸಿ ಕ್ಯಾಂಪುಗಳಿಗೆ ಸಾಗಿಸಿದರು, ಎಷ್ಟೋ ಜನ ಊರೇ ಬಿಟ್ಟರು. ದಂಡು ಪ್ರದೇಶದ ಇಕ್ಕಟ್ಟು ತಗ್ಗಿಸಲೆಂದೇ ಆಮೇಲೆ ಫ್ರೇಜರ್ ಟೌನ್ ಹುಟ್ಟಿದ್ದು. ಗಾಳಿ ಬೆಳಕಿನ ಆ ಬೀದಿಗಳ ಲೆಕ್ಕಾಚಾರದ ಹಿಂದೆ ಇರುವುದು ಇಲಿ, ಚಿಗಟ, ಭಯ. ಬೆನ್ಸನ್ ಟೌನಿನ ಮಕ್ಕಳು ಅಲ್ಲಿಗೆ ಕನ್ನಡಕ, ಬಸ್ಸು ಯಾವುದೂ ಇಲ್ಲದೆ ನಡೆದೇ ಹೋಗಬಹುದು. ಹೋಗುತ್ತಾರೆ ಕೂಡ, ರಂಜಾನ್ ಸಂಜೆ, ಮಾಸ್ಕ್ ರೋಡಿನ ಸಮೋಸಾಕ್ಕೆ. ಮೇಷ್ಟ್ರು ಜೊತೆಗಿದ್ದರೆ ಸಮೋಸಾ ತಿನ್ನುತ್ತಲೇ ಪ್ಲೇಗಿನ ಪಾಠವೂ ಆಗಿಹೋಗುತ್ತದೆ.