ಮಣಿಪಾಲ 150 ಕಿ.ಮೀ.

ಕುಮಟಾದಿಂದ ಭಟ್ಕಳದವರೆಗಿನ ಯಾವುದೇ ಊರಿನಲ್ಲಿ ‘ಅವರು ಬೆಳಿಗ್ಗೆ ಮಣಿಪಾಲಕ್ಕೆ ಹೋದ್ರಂತೆ’ ಅಂದು ನೋಡಿ. ಯಾಕೆ ಅಂತ ಯಾರೂ ಕೇಳೋದಿಲ್ಲ. ‘ಯಾರಿಗೆ ಹುಷಾರಿಲ್ಲ?’ ಅಂತಲೇ ಕೇಳ್ತಾರೆ. ಬೆಂಗಳೂರಿನ ನನ್ನ ಆಫೀಸಿನವರಿಗೆ ಮಣಿಪಾಲ ಅಂದ್ರೆ ಎಂಜಿನಿಯರಿಂಗ್ ಕಾಲೇಜು, ಎಂಡ್ ಪಾಯಿಂಟ್, ಕೆಫೆಗಳು. ನಮ್ಮ ಕಡೆಯವರಿಗೆ ಅದು ಆಸ್ಪತ್ರೆಗೆ ಇನ್ನೊಂದು ಹೆಸರು.

ನಮ್ಮ ದೊಡ್ಡಪ್ಪನಿಗೆ ಮೂರು ವರ್ಷದ ಹಿಂದೆ ಸ್ಟ್ರೋಕ್ ಆಯ್ತು. ಈಗ ಆರು ತಿಂಗಳಿಗೊಮ್ಮೆ ತಪಾಸಣೆ. ನಾನು ಊರಲ್ಲಿದ್ದರೆ ಕಾರು ಓಡಿಸೋ ಕೆಲಸ ನನ್ನದು. ಕುಮಟಾದಿಂದ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಹೊರಟರೆ ಸುಮಾರು 150 ಕಿಲೋಮೀಟರ್. ದಾರಿ ಮಾತ್ರ ಬಹಳ ಚೆಂದ. ಹೊನ್ನಾವರದಲ್ಲಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಂಡ ಶರಾವತಿ, ಕಾಸರಕೋಡಿನ ಗಾಳಿಮರಗಳು, ದೂರದಿಂದಲೇ ಕಾಣುವ ಮುರ್ಡೇಶ್ವರದ ಶಿವ, ಭಟ್ಕಳ ದಾಟಿದ ಮೇಲೆ ಶಿರೂರು, ಬೈಂದೂರು. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಪ್ರವಾಸಿಗರೆಲ್ಲ ಅಲ್ಲಿ ಫೋಟೊಗೆ ನಿಲ್ತಾರೆ. ಕಳೆದ ಸಲ ನಾವೂ ಚಾ ಕುಡಿಯಲು ನಿಂತಾಗ ದೊಡ್ಡಪ್ಪ ಕಿಟಕಿಯಿಂದ ನೋಡುತ್ತಾ ಹೇಳಿದರು: ‘ಅವತ್ತು ಇದ್ಯಾವ್ದೂ ಕಾಣ್ಲಿಲ್ಲ ತಮಾ. ಆಂಬುಲೆನ್ಸಿನ ಸೂರು ಮಾತ್ರ ಕಂಡಿದ್ದು.’

ಈ ದಾರಿಗೊಂದು ಹಳೆಯ ಗಡಿಯೂ ಇದೆ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಉಡುಪಿ, ಮಂಗಳೂರಿನ ಭಾಗ ಮದ್ರಾಸಿನಲ್ಲೇ ಉಳಿಯಿತು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗ ನಮ್ಮವರ ಪಾಲಿಗೆ ಅದು ಬೇರೆ ರಾಜ್ಯ. ಅದೇ ವರ್ಷ ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲುಗಳನ್ನು ತೆರೆಯಲು ಹೊರಟಿದ್ದರು. ಅಲ್ಲಿ ಮೆಡಿಕಲ್ ಕಾಲೇಜು, ಇಲ್ಲಿ ಹೈಸ್ಕೂಲು. ಎರಡೂ ಕಡೆ 1956ರಲ್ಲಿ ಒಂದೇ ರಾಜ್ಯವಾದವು.

ಪೈಯವರು ಸ್ವತಃ ಡಾಕ್ಟರು, ಜೊತೆಗೆ ಬ್ಯಾಂಕು ಕಟ್ಟಿದವರು. 1928ರಲ್ಲಿ ದಿನಕ್ಕೆ 2 ಆಣೆ ಕೂಡಿಡುವ ಪಿಗ್ಮಿ ಠೇವಣಿ ತಂದದ್ದು ಅವರ ಬ್ಯಾಂಕೇ. ನಮ್ಮ ಪೇಟೆಗಳಲ್ಲಿ ಪಿಗ್ಮಿ ಅನ್ನೋ ಪದ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಕಾಲೇಜು ನಡೆದದ್ದು ವಿದ್ಯಾರ್ಥಿಗಳು ಕೊಡುವ ಶುಲ್ಕದಿಂದ. ಆ ಮಾದರಿಯ ಬಗ್ಗೆ ಜಗಳವೂ ಕಡಿಮೆ ಆಗಿಲ್ಲ. ಖಾಸಗಿ ಕಾಲೇಜುಗಳ ಹಕ್ಕು, ಶುಲ್ಕದ ಬಗ್ಗೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿಗೆ ಟಿ.ಎಂ.ಎ. ಪೈ ಫೌಂಡೇಶನ್ನಿನ ಹೆಸರೇ ಇದೆ.

ನನಗೆ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ಶುರುವಿನಲ್ಲಿ ಈ ಕಾಲೇಜಿಗೆ ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ರೋಗಿಗಳ ಬಳಿ ಕಲಿಯಲು ವಿದ್ಯಾರ್ಥಿಗಳು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಗೆ ಹೋಗಬೇಕಿತ್ತು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದ್ದು 1993ರಲ್ಲಿ. ಅಂದ್ರೆ ಮೊದಲ ತರಗತಿಯಿಂದ ವಿಶ್ವವಿದ್ಯಾಲಯದವರೆಗೆ 40 ವರ್ಷ.

ದೊಡ್ಡಪ್ಪ ಡಾಕ್ಟರಿಗೆ ಕಾಯುವಾಗ ನಾನು ಅಲ್ಲಿನ ಅನಾಟಮಿ ಮ್ಯೂಸಿಯಂಗೆ ಹೋಗಿ ಬಂದೆ. ಆನೆಯ ಅಸ್ಥಿಪಂಜರದ ಮುಂದೆ ಮಕ್ಕಳ ಗುಂಪು. ಒಳಗಿನ ಗಾಜಿನ ಪೆಟ್ಟಿಗೆಗಳಲ್ಲಿ ಮನುಷ್ಯನ ಮೆದುಳು, ಹೃದಯ, ಶ್ವಾಸಕೋಶ. ಮೆದುಳಿನ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಅಂಗೈಯಲ್ಲಿ ಹಿಡಿಯುವಷ್ಟು ಇದೆ. ಅದಕ್ಕೆ ಹೋಗುವ ರಕ್ತ ನಿಂತರೆ ಪ್ರತಿ ನಿಮಿಷಕ್ಕೂ ಲೆಕ್ಕ.

ಆ ಲೆಕ್ಕ ಹೀಗಿದೆ. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಕುಮಟಾದಿಂದ ದಾರಿಗೇ ಸುಮಾರು ಮೂರು ಗಂಟೆ ತೆಗೆಯಿರಿ. ಉಳಿಯೋದು ಒಂದೂವರೆ. ಬಾಯಿ ಸೊಟ್ಟ ಆಗಿದ್ದು ಮನೆಯವರಿಗೆ ಗೊತ್ತಾಗಬೇಕು, ಗಾಡಿ ಸಿಗಬೇಕು, ಹತ್ತಿರದ ಆಸ್ಪತ್ರೆಗೆ ಹೋಗಿ ಅಲ್ಲಿಂದ ಮುಂದಕ್ಕೆ ಬರೆಸಿಕೊಳ್ಳಬೇಕು. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಆ ಒಂದೂವರೆ ಗಂಟೆ ಸಾಲಲಿಲ್ಲ. ಅವರ ಎಡಗೈ ಈಗಲೂ ಚಾ ಲೋಟ ಎತ್ತೋದಿಲ್ಲ.

ಅವಸರದ ದಾರಿಯೂ ಅಪಾಯವೇ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಉರುಳಿ ನಾಲ್ವರು ತೀರಿಕೊಂಡರು. ಆ ವಿಡಿಯೊ ನೀವೂ ನೋಡಿರಬಹುದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಹಳೆಯ ಕೂಗು ಆಗ ಮತ್ತೆ ಜೋರಾಯ್ತು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ನಿಜ. ಆದರೆ ಅದು ಕುಮಟಾದಿಂದ ಉತ್ತರಕ್ಕೆ ಸುಮಾರು 70 ಕಿ.ಮೀ.; ಭಟ್ಕಳದವರಿಗೆ ಮಣಿಪಾಲವೇ ಹತ್ತಿರ. ಮಣಿಪಾಲಕ್ಕೆ 40 ವರ್ಷ ಹಿಡಿದಿದ್ದರೆ, ಕಾರವಾರದ ಕಾಲೇಜಿನ್ನೂ ಹರೆಯದ ಹುಡುಗ.

ಹೊಸ ಆಸ್ಪತ್ರೆಯ ಬೇಡಿಕೆ ಬಿಡಬಾರದು. ಕಟ್ಟಡದ ಜೊತೆಗೆ ಕಲಿಸುವ ಡಾಕ್ಟರುಗಳನ್ನೂ ಕೇಳಬೇಕು. ಪಾಠ ನಡೆಯುವ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಒಬ್ಬ ಪಿ.ಜಿ. ಡಾಕ್ಟರ್ ಎಚ್ಚರ ಇರ್ತಾರೆ. ಈಗಿನ ನಿಯಮದಂತೆ ಎಂ.ಡಿ., ಎಂ.ಎಸ್. ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕು. ಅಂದು ಮಣಿಪಾಲದ ವಿದ್ಯಾರ್ಥಿಗಳಿಗೆ ವೆನ್‌ಲಾಕ್ ಪಾಠಶಾಲೆ ಆದ ಹಾಗೆ ನಾಳೆ ಕುಮಟಾ, ಹೊನ್ನಾವರ, ಭಟ್ಕಳದ ತಾಲೂಕು ಆಸ್ಪತ್ರೆಗಳೂ ಯಾಕೆ ಆಗಬಾರದು? ಮುಂದಿನ 40 ವರ್ಷದಲ್ಲಿ ಯಾವ ವೈದ್ಯಕೀಯ ವಿಶ್ವವಿದ್ಯಾಲಯವಾದರೂ ನಮ್ಮಂಥ ಊರುಗಳಿಗೆ ಮಾಡಬಹುದಾದ ದೊಡ್ಡ ಕೆಲಸ ಇದೇ ಅಂತ ನನಗನ್ನಿಸುತ್ತೆ.

ಅಲ್ಲಿಯವರೆಗೆ ದೂರವನ್ನು ಫೋನಿನಿಂದ ಕಡಿಮೆ ಮಾಡುವ ಕೆಲಸ ಶುರುವಾಗಿದೆ. ಮಂಗಳೂರು ಕೆ.ಎಂ.ಸಿ.ಯ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವರದಿಯನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ತಜ್ಞರು ನೋಡಿ ಹೇಳುವ ವ್ಯವಸ್ಥೆ ಮಾಡಿದ್ದಾರೆ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯದ್ದೂ ಅದೇ ದಾರಿ: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದಲ್ಲಿ ತಜ್ಞರು, ಹೃದಯಾಘಾತವಾದರೆ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ದಿನವಿಡೀ ಸರ್ವರುಗಳನ್ನು ಜೋಡಿಸುವ ನನ್ನಂಥವನಿಗೆ ಇದು ಅರ್ಥವಾಗುವ ಭಾಷೆ.

ಅಪ್ಪ-ಅಮ್ಮನನ್ನು ಊರಲ್ಲಿ ಬಿಟ್ಟು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವವರು ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ಸಿಟಿ ಸ್ಕ್ಯಾನ್ ರಾತ್ರಿಯೂ ನಡೆಯುತ್ತಾ? ಇಸಿಜಿ ತೆಗೆದರೆ ಯಾರಿಗೆ ಕಳಿಸ್ತೀರಿ? ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿದೆಯಾ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, 108ರ ಜೊತೆಗೆ, ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿ ಬನ್ನಿ.